ಸವತಿಗೆ ಎಂಜಿನ್ನು ಕೂಡಿಸಿದ್ದು

೧೪ ನವೆಂಬರ್ ೨೦೧೧, ಸೋಮವಾರ

ಮಕ್ಕಳ ದಿನಾಚರಣೆ. ಶಾಲೆಯಲ್ಲಿ ಇಡೀ ದಿನ ಹುಡುಗರನ್ನು ಸಂಭಾಳಿಸಿ ಮನೆಗೆ ಬಂದರೆ, ಮನೆಯ ದೊಡ್ಡ ಕೂಸು ಕೈತುಂಬ ಗ್ರೀಸು ಮಾಡಿಕೊಂಡು ಬಾಗಿಲಲ್ಲೇ ನಿಂತಿತ್ತು.

"ಎಂಜಿನ್ ಸಿಕ್ತು ಸುಗಂಧಾ," ಅಂದರು ಇವರು.

ಕೊಲ್ಹಾಪುರದಲ್ಲಿ ಯಾರದೋ ಮಾರುತಿ ಕಾರಿಗೆ ಹಿಂದಿನಿಂದ ಲಾರಿ ಗುದ್ದಿತಂತೆ. ಹಿಂಭಾಗ ಅಪ್ಪಚ್ಚಿ, ಮುಂದಿನ ಎಂಜಿನ್ನಿಗೆ ಒಂದು ಗೀರೂ ಇಲ್ಲವಂತೆ. ಕಾರಿನಲ್ಲಿದ್ದವರ ಗತಿ ಏನಾಯಿತು ಅಂತ ಕೇಳಿದೆ. "ಅವ್ರಿಗೇನ ಆಗಿಲ್ಲ ಬಿಡ. ಎಂಜಿನ್ನಿನ ದನಿ ಕೇಳಬೇಕಿತ್ತ ನೀ," ಅಂದರು. ಹೆಣ್ಣು ನೋಡಿ ಬಂದ ವರನ ಹಾಗೆ ಅದರ ಮೈಕಟ್ಟು, ಮನೆತನ ಎಲ್ಲ ವರ್ಣಿಸುತ್ತಲೇ ಮೂರು ಭಕ್ರಿ ತಿಂದರು.

ಈ ಸಂಸಾರದ ಕಥೆಯನ್ನು ಇವತ್ತು ನೆಟ್ಟಗೆ ಬರೆದಿಡುತ್ತೇನೆ. ಮುಂದೆ ಜಗಳವಾದಾಗ ಆಧಾರ ಬೇಕು.

ಇವರು, ಅಂದರೆ ಜ್ಞಾನದೇವ, ಚಿಕ್ಕೋಡಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬೇಡಕಿಹಾಳದ ಉಳಿದ ಗಂಡಸರು ಸಂಜೆ ಕಟ್ಟೆಗೆ ಹೋದರೆ ಇವರು ಜಯಪಾಲರ ತಂಬಾಕು ವಖಾರಿಗೆ ಹೋಗುತ್ತಾರೆ. ಆ ಗೋದಾಮಿನ ಹಿಂಬದಿಯಲ್ಲಿ ಆರು ವರ್ಷದಿಂದ ಒಂದು ವಿಮಾನ ಕಟ್ಟುತ್ತಿದ್ದಾರೆ. ಒಬ್ಬರೇ ಕೂಡುವಂಥದು. ಪೈಪಿನ ಎಲುಬು, ಬಟ್ಟೆಯ ಚರ್ಮ, ಹಳೆಯ ಮೊಪೆಡ್ಡಿನ ಗಾಲಿ, ಎಲ್ಲ ಇದೆ, ಎಂಜಿನ್ ಒಂದಿರಲಿಲ್ಲ. ಆದರೆ ಹಾರುವಾಗ ಹಾಕಿಕೊಳ್ಳುವ ಕನ್ನಡಕ ಮಾತ್ರ ಮೊದಲ ವರ್ಷವೇ ತಂದಿಟ್ಟಿದ್ದಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ. ನಾನು ಅದಕ್ಕೆ ಇಟ್ಟ ಹೆಸರು ಸವತಿ.

ಸವತಿ ಬಂದ ವರ್ಷವೇ ನನ್ನ ಹೊಸ ಅಡುಗೆಮನೆಗೂ ಬುನಾದಿ ಹಾಕಿದ್ದು. ಇವತ್ತಿಗೂ ಅದು ಬುನಾದಿಯೇ. ಅದರೊಳಗೆ ಔಡಲ ಗಿಡ ಬೆಳೆದು, ನೆರಳಲ್ಲಿ ಊರ ಕೋಳಿಗಳು ಮೊಟ್ಟೆ ಇಡುತ್ತವೆ. ಈ ಸಲ ಬೆಳೆ ಜಾಸ್ತಿ, ಫೆಬ್ರವರಿ ಕೊನೆಗೆ ಹೊಸ ತಂಬಾಕು ಬರುವಷ್ಟರಲ್ಲಿ ಇಡೀ ವಖಾರಿ ಖಾಲಿ ಮಾಡಿಕೊಡಿ ಅಂತ ಜಯಪಾಲರು ಹೇಳಿದ್ದಾರೆ. ಇದೇ ಸಮಯವೆಂದು ನಾನು ಕರಾರು ಮಾಡಿಸಿಕೊಂಡೆ. ಅಷ್ಟರೊಳಗೆ ಸವತಿಯ ಗಾಲಿ ನೆಲ ಬಿಟ್ಟು ಎದ್ದರೆ ಸರಿ. ಏಳದಿದ್ದರೆ ಗುಜರಿಯ ಮಲಕಾರಿಯ ಟೆಂಪೋಗೆ ಹಾಕಿ ಕಳಿಸುವುದು, ಮರುದಿನ ಗವಂಡಿಯನ್ನು ಕರೆಸಿ ನನ್ನ ಅಡುಗೆಮನೆ ಎಬ್ಬಿಸುವುದು. ಇವರು ನನ್ನ ಕೈಮೇಲೆ ಕೈಯಿಟ್ಟು ಹೂಂ ಅಂದರು.

ನಿಪ್ಪಾಣಿಯ ಅಂಗಡಿಯಲ್ಲಿ ಟೈಲ್ಸ್ ನೋಡಿ ಇಟ್ಟಿದ್ದೇನೆ. ನೀಲಿ ಅಂಚಿನವು.

೨೦ ನವೆಂಬರ್, ಭಾನುವಾರ

ಎಂಜಿನ್ ಬಂತು. ತಂದವನು ಮಲಕಾರಿಯೇ. "ತರಾಂವನೂ ನಾನ, ಒಯ್ಯಾಂವನೂ ನಾನ. ಮದವಿಗೂ ನಂದ ಟೆಂಪೋ, ಮಣ್ಣಿಗೂ ನಂದ ಟೆಂಪೋ," ಅಂದ. ಕರಾರಿನ ಸುದ್ದಿ ಊರಿಗೆಲ್ಲ ಗೊತ್ತಾಗಿದೆ.

ವಿಮಾನಕ್ಕೆ ಎಂಜಿನ್ ಕೂಡಿಸುವುದು ಗಾಡಿಗೆ ಎತ್ತು ಕಟ್ಟಿದಷ್ಟು ಸರಳವಲ್ಲವಂತೆ. ಮೂತಿಯ ಭಾರ ಎಷ್ಟು, ಬಾಲದ ಭಾರ ಎಷ್ಟು ಎಂದು ಲೆಕ್ಕ ಹಾಕಿ, ನಡುವೆ ರೆಕ್ಕೆಯ ಹತ್ತಿರ ತಕ್ಕಡಿಯ ಹಾಗೆ ಸಮ ನಿಲ್ಲಿಸಬೇಕಂತೆ. ಅದಕ್ಕೆ ಪ್ರತಿಯೊಂದು ಸಾಮಾನಿನ ತೂಕ ಬೇಕು. ತೂಕಕ್ಕೆ ಕಾಮಣ್ಣನನ್ನು ಬಿಟ್ಟರೆ ಯಾರು? ಜಯಪಾಲರ ತಂದೆಯ ಕಾಲದಿಂದ ಇದೇ ವಖಾರಿಯಲ್ಲಿ ತಂಬಾಕಿನ ಚೀಲ ತೂಗುತ್ತ ಮುದುಕನಾದವನು. ಎಂಜಿನ್ನು, ನೀರಿನ ಟಾಕಿ, ಬ್ಯಾಟರಿ, ಮೂತಿಗೆ ಕೂಡಿಸುವ ಕಟ್ಟಿಗೆಯ ಪಂಖ, ಒಂದೊಂದನ್ನೂ ತೂಕದ ಕಾಟಾದ ಮೇಲೆ ಇಡಿಸಿದ. ಕೋಲು ನಿಂತ ಮೇಲೆ ಕಣ್ಣು ಮುಚ್ಚಿ, ತುಟಿ ಅಲುಗಿಸಿ, ಆಮೇಲೆ ರಾಗ ಎಳೆದು ಅಂಕಿ ಕೂಗುತ್ತಿದ್ದ. ನಾನು ಅದನ್ನು ಚಾಕ್‌ಪೀಸಿನಿಂದ ವಖಾರಿಯ ಕದದ ಮೇಲೆ ಬರೆದೆ. ಮೇಷ್ಟರಗಿತ್ತಿಗೆ ಎಲ್ಲಿ ಹೋದರೂ ಅದೇ ಕೆಲಸ.

"ಕಾಮಣ್ಣಂದು ಭಕ್ತಿ ನೋಡ. ಒಂದೊಂದಕ್ಕೂ ದೇವರ ನೆನಿತಾನ," ಅಂದರು ಇವರು.

ನನಗೆ ಆ ವಖಾರಿ ಸೇರುವುದಿಲ್ಲ. ಅವ್ವ ಇಲ್ಲಿಯೇ ತಂಬಾಕು ಸೋಸಿ ನನ್ನನ್ನು ಓದಿಸಿದಳು. ಅವಳು ದಿನವಿಡೀ ಸೋಸಿದ್ದನ್ನು ಸಂಜೆ ಇದೇ ಕಾಮಣ್ಣ ತೂಗಿ ಕೂಲಿ ಹೇಳುತ್ತಿದ್ದ. ಅವಳ ಸೆರಗಿನ ವಾಸನೆ ಈ ಗೋಡೆಗಳಲ್ಲಿ ಇನ್ನೂ ಉಳಿದಿದೆ. ಬರೆಯುವುದು ಮುಗಿದ ಕೂಡಲೇ ಹೊರಗೆ ಬಂದೆ.

೨೭ ನವೆಂಬರ್, ಭಾನುವಾರ

ಎಂಜಿನ್ ಕೂಡಿಸಿದರು. ಡಬ್ಬಿ ಕೊಟ್ಟು ಬರಲು ಹೋದವಳು ಸಂಜೆಯವರೆಗೆ ಅಲ್ಲೇ ಉಳಿದೆ. ಕೈಗೆ ಬೇರೆ ಯಾರೂ ಇರಲಿಲ್ಲ, ಅದಕ್ಕೆ.

ವಖಾರಿಯ ತೊಲೆಗೆ ಸರಪಳಿ ಕಟ್ಟಿ ಎಂಜಿನ್ನನ್ನು ಮೇಲಕ್ಕೆಳೆದರು. ಸರಪಳಿ ಹಿಡಿದವರು ಮಲಕಾರಿ ಮತ್ತು ನಮ್ಮ ಮೈದುನನ ಮಗ ಸುರಜ. ತೊಲೆ ಅಲುಗಿದ್ದೇ ತಡ, ಅದರ ಮೇಲೆ ಕೂತಿದ್ದ ವರ್ಷಾನುಗಟ್ಟಲೆಯ ತಂಬಾಕಿನ ಪುಡಿ ಉದುರಿತು. ಮೊದಲು ಸುರಜ ಸೀನಿದ. ಆಮೇಲೆ ಮಲಕಾರಿ. ಅವನು ಸೀನಿದಾಗಲೆಲ್ಲ ಸರಪಳಿ ಜಾರಿ ಎಂಜಿನ್ ಒಂದು ಗೇಣು ಕೆಳಗಿಳಿಯುವುದು, ಇವರು "ಹಿಡೀರಿ, ಹಿಡೀರಿ" ಅನ್ನುವುದು, ಅನ್ನುತ್ತಲೇ ತಾವೂ ಸೀನುವುದು. ಎಂಜಿನ್ ಗಾಳಿಯಲ್ಲಿ ತೂಗಾಡುತ್ತಿದೆ, ಮೂವರು ಗಂಡಸರು ಸೀನುತ್ತಿದ್ದಾರೆ, ನಾನೊಬ್ಬಳು ಸೆರಗನ್ನು ಮೂಗಿಗೆ ಹಿಡಿದು ನಗುತ್ತಿದ್ದೇನೆ. ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ.

ಮೂರು ಬೋಲ್ಟು ಸರಾಗವಾಗಿ ಕೂತವು. ನಾಲ್ಕನೆಯದರ ನಟ್ಟು ಎಂಜಿನ್ನಿನ ಹಿಂದೆ, ಗಂಡಸರ ಕೈ ಹೋಗದ ಸಂದಿಯಲ್ಲಿ. ಇವರ ಕೈ ಹೋಗಿ ಸಿಕ್ಕಿಕೊಂಡು, ತೆಗೆಯಲು ಎಣ್ಣೆ ಹಚ್ಚಬೇಕಾಯಿತು. ಕೊನೆಗೆ ನಾನೇ ಬಳೆ ತೆಗೆದಿಟ್ಟು ಕೈ ತೂರಿಸಿದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳ ತುದಿಯಲ್ಲೇ ಹುಡುಕಿ ತಿರುವಬೇಕು. ಎರಡು ಸಲ ಬಿತ್ತು. ಆಮೇಲೆ ಹಲ್ಲಿಗೆ ಹಲ್ಲು ಕೂತದ್ದು ಬೆರಳಿಗೆ ಗೊತ್ತಾಯಿತು.

"ಬಿಗಿ ಆತೇನ?" ಅಂದರು ಇವರು.

"ಆತು."

"ಖರೇನ?"

"ಅಡಿಗಿಮನಿ ಆಗೂತನಾ ಬಿಚ್ಚೂದಿಲ್ಲ," ಅಂದೆ.

೨೮ ನವೆಂಬರ್, ಸೋಮವಾರ

ಉಗುರಿನ ಸಂದಿಯ ಗ್ರೀಸು ಹೋಗಿಲ್ಲ. ಮೂರನೇ ಇಯತ್ತೆಯ ಹುಡುಗಿಯೊಬ್ಬಳು "ಅಕ್ಕಾರ, ನಿಮ್ಮ ಕೈ ಗ್ಯಾರೇಜ್ ಆಗೇತ್ರಿ" ಅಂದಳು. ಗದರಿಸಬೇಕಿತ್ತು, ಕೈ ಮೂಸಿ ನೋಡಿಕೊಂಡೆ.

೮ ಡಿಸೆಂಬರ್, ಗುರುವಾರ

ಆರನೇ ತಾರೀಖಿನ ಪರಿನಿರ್ವಾಣ ದಿನಕ್ಕೆ ದಾದರಿಗೆ ಹೋಗಿ ಇವತ್ತು ಬಂದೆವು. ಪ್ರತಿ ವರ್ಷದ ಹಾಗೆ ನಮ್ಮ ಓಣಿಯವರೆಲ್ಲ ಕೂಡಿ ಹೋಗಿದ್ದು. ಚೈತ್ಯಭೂಮಿಯ ಸಾಲಿನಲ್ಲಿ ನಿಂತು ಹೂವಿಟ್ಟು ಕೈಮುಗಿದು ಬಂದ ಮೇಲೆ ರೈಲಿಗೆ ಇನ್ನೂ ಹೊತ್ತಿತ್ತು. ಇವರು "ಇಲ್ಲೇ ಐತಿ ಬಾ" ಅಂತ ಲೋಕಲ್ ಹತ್ತಿಸಿ, ವಿಮಾನ ಇಳಿಯುವ ಜಾಗದ ಪಕ್ಕದ ವಸ್ತಿಗೆ ಕರೆದೊಯ್ದರು. ಅಲ್ಲಿ ಮನೆಗಳ ತಗಡಿನ ಮೇಲೆಯೇ ವಿಮಾನಗಳು ಹಾದುಹೋಗುತ್ತವೆ. ಹೆಂಗಸರು ತಲೆ ಎತ್ತಿ ಸಹ ನೋಡದೆ ಬಟ್ಟೆ ಒಣಹಾಕುತ್ತಾರೆ.

"ಇಳಿಯೂಮುಂದ ಮೂತಿ ಹೆಂಗ ಎತ್ತತಾವ ನೋಡ," ಅಂದರು. ನೋಡಿದೆ. ಒಂದು ನೋಡಿ ಹೊರಡೋಣ ಅಂದುಕೊಂಡದ್ದು, ಇನ್ನೊಂದು ಮತ್ತೊಂದು ಆಗಿ ಓಣಿಯವರ ರೈಲು ತಪ್ಪಿತು. ನಿಮ್ಮ ಹುಚ್ಚಿನಿಂದ ಹೀಗಾಯಿತು ಅಂತ ಬೈದೆ. "ಹೊಂಡೂಣು ಅಂತ ನಾ ಎರಡ ಸಲ ಅಂದ್ನೆಲ್ಲ," ಅಂದರು. ಅಂದಿರಬಹುದು, ಆ ಸದ್ದಿನಲ್ಲಿ ಕೇಳಿಸಲಿಲ್ಲ. ಕುತ್ತಿಗೆ ಇನ್ನೂ ನೋಯುತ್ತಿದೆ.

೧ ಜನವರಿ ೨೦೧೨, ಭಾನುವಾರ

ಇವತ್ತು ನಡೆದದ್ದನ್ನು ಬರೆಯುವಾಗಲೂ ಸೀನು ಬರುತ್ತಿದೆ.

ಎಂಜಿನ್ ಚಾಲು ಮಾಡುವ ಮುಹೂರ್ತ. ಇವರು ಹೊರಗೆ ನಿಂತು ಸ್ಕ್ರೂಡ್ರೈವರ್ ಹಿಡಿದು ಕಾರ್ಬುರೇಟರು ತಿರುವಬೇಕು. ಒಳಗೆ ಕೂತು ಬ್ರೇಕು ಒತ್ತಿ, ಎಡಗೈಯಿಂದ ಎಕ್ಸಿಲೇಟರಿನ ಹಿಡಿ ಸರಿಸಲು ಇನ್ನೊಬ್ಬರು ಬೇಕು. ಸುರಜ ಅಥಣಿಯಲ್ಲಿರುವ ಗೆಳೆಯನ ದ್ರಾಕ್ಷಿತೋಟಕ್ಕೆ ಹೋಗಿದ್ದ. ಸೀರೆ ಎತ್ತಿ ಕಟ್ಟಿ ನಾನೇ ಹತ್ತಿದೆ. ಸವತಿಯ ಮಡಿಲು ಚಿಕ್ಕದು, ನನಗೆ ಅಳತೆ ತೆಗೆದು ಹೊಲಿದಂತೆ ಇದೆ. ಇವರು ಅದರಲ್ಲಿ ಹೇಗೆ ಕೂಡುತ್ತಾರೋ.

ಎರಡು ಸಲ ಕೆಮ್ಮಿತು. ಮೂರನೆಯ ಸಲ ಹಿಡಿಯಿತು. ತೊಡೆಯಿಂದ ಹಲ್ಲಿನವರೆಗೆ ಮೈಯೆಲ್ಲ ನಡುಗಿತು. "ಇನ್ನಷ್ಟ ಕೊಡ," ಅಂತ ಇವರು ಕೈಸನ್ನೆ ಮಾಡಿದರು. ಕೊಟ್ಟೆ.

ವಖಾರಿಯೊಳಗೆ ಪಂಖ ತಿರುಗಿಸಬಾರದು ಅನ್ನುವುದು ಒಬ್ಬರಿಗೂ ಹೊಳೆಯಲಿಲ್ಲ. ಗೋಡೆಯ ಬಿರುಕು, ತೊಲೆ, ಹಂಚಿನ ಸಂದಿ, ಎಲ್ಲೆಲ್ಲಿ ತಂಬಾಕಿನ ಪುಡಿ ಅಡಗಿತ್ತೋ ಎಲ್ಲ ಎದ್ದು ಬಾಗಿಲಿನಿಂದ ಓಣಿಗೆ ನುಗ್ಗಿತು. ಜಯಪಾಲರು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದವರು ಬಸಿಯೊಳಗೇ ಸೀನಿದರು. ಆಮೇಲೆ ಒಂದೊಂದೇ ಮನೆ ಸೀನುತ್ತ ಹೋಯಿತು. ಹೊಸ ವರ್ಷಕ್ಕೆ ಬೇಡಕಿಹಾಳದ ಅರ್ಧ ಊರು ಒಂದೇ ದನಿಯಲ್ಲಿ ಸೀನಿದ್ದು ಇದೇ ಮೊದಲಿರಬೇಕು. ಇವರು ಕಣ್ಣು ಮೂಗು ಎಲ್ಲ ಸೋರುತ್ತ "ಬಂದ್ ಮಾಡ, ಬಂದ್ ಮಾಡ" ಅಂತ ಕುಣಿಯುತ್ತಿದ್ದರು. ನಾನು ಆ ಕನ್ನಡಕ ಹಾಕಿಕೊಂಡಿದ್ದೆ, ನನ್ನ ಕಣ್ಣಿಗೇನೂ ಆಗಲಿಲ್ಲ. ಬಂದ್ ಮಾಡುವ ಮುಂಚೆ ಇನ್ನೊಂದಿಷ್ಟು ಕೊಟ್ಟು ನೋಡಿದೆ.

೨ ಜನವರಿ, ಸೋಮವಾರ

ಪಕ್ಕದ ಮನೆಯ ಸಾವಿತ್ರೆವ್ವ ಬೆಳಿಗ್ಗೆಯೇ ಬಂದು ಕೂತಳು. "ನಿನ್ನಿ ಸಂಜಿ ನಮ್ಮ ಎಮ್ಮಿ ಹಾಲ ಕೊಟ್ಟಿಲ್ಲ. ಹಿಂಡಾಕ ಕುಂತ್ರ ಸೀನತೈತಿ, ಬಕೆಟ್ ಒದಿತೈತಿ. ನಿನ್ನ ಗಂಡಗ ಹೇಳ." ನಾನು ಹೇಳುತ್ತೇನೆ ಅಂದೆ. ಎಕ್ಸಿಲೇಟರ್ ಯಾರ ಕೈಯಲ್ಲಿತ್ತು ಅಂತ ಅವಳು ಕೇಳಲಿಲ್ಲ.

ಸಂಜೆ ಹವಾಲ್ದಾರರು ವಖಾರಿಗೆ ಬಂದು ಇವರನ್ನು ಕೇಳಿದರಂತೆ. "ಹಾರತೈತೇನ್ರಿ ಇದು?" "ಸದ್ಯ ಇಲ್ರಿ ಸಾಹೇಬ್ರ." "ಹಾರಿದ್ರ ಪರವಾನಗಿ ಬೇಕಾಕೈತಿ. ಹಾರೂತನಾ ಅದು ಟ್ರ್ಯಾಕ್ಟರ್." ಚಹಾ ಕುಡಿದು, ಎರಡು ಸಲ ಸೀನಿ ಹೋದರಂತೆ.

೧೫ ಜನವರಿ, ಭಾನುವಾರ

ಸಂಕ್ರಾಂತಿ. ರೆಕ್ಕೆ ಬಿಚ್ಚಿ ಮಲಕಾರಿಯ ಟೆಂಪೋದಲ್ಲಿ ಹಾಕಿ, ಸವತಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಊರ ಹೊರಗಿನ ಗಾಯರಾಣಕ್ಕೆ ಒಯ್ದೆವು. ದನ ಮೇಯುವ ಬಯಲು, ಉದ್ದಕ್ಕೆ ಗಟ್ಟಿ ನೆಲ. ದಾರಿಯಲ್ಲಿ ಕಬ್ಬಿನ ಟ್ರೇಲರಿನವರು ಟೇಪಿನ ಹಾಡು ನಿಲ್ಲಿಸಿ ದಾರಿ ಬಿಟ್ಟರು. ಅದೊಂದು ದೊಡ್ಡ ಮರ್ಯಾದೆ, ಅವರು ಯಾರಿಗೂ ಹಾಡು ನಿಲ್ಲಿಸುವವರಲ್ಲ.

ನಾವು ಪೂಜೆಯವರಲ್ಲ. ಆದರೂ ಸಾವಿತ್ರೆವ್ವ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಳು. ಎಮ್ಮೆಯ ಸಿಟ್ಟು ಇಳಿದಿತ್ತೋ ಏನೋ. ಇವರು ಏದುಸಿರು ಬಿಡುತ್ತ ಹತ್ತಿ ಕೂತರು. ಇವತ್ತು ಬರೀ ಓಡಿಸಿ ನೋಡುವುದು ಅಂತ ಮಾತಾಗಿತ್ತು.

ಎಂಜಿನ್ ಏರಿತು, ನಿಂಬೆಹಣ್ಣು ಚಿಟಿಲ್ ಅಂದವು, ನಮ್ಮ ವಿಮಾನ ಓಡಿತು. ಜನ ಸಿಳ್ಳೆ ಹೊಡೆದರು. ಅಷ್ಟರಲ್ಲಿ ಬಾಲ ಮೇಲೆದ್ದಿತು. ಏಳಬೇಕಾದ್ದೇ, ಆದರೆ ನಿಲ್ಲಲಿಲ್ಲ. ಏರುತ್ತಲೇ ಹೋಗಿ ಮೂತಿ ಗೋಣು ಚೆಲ್ಲಿ ನೆಲಕ್ಕೆ ಬಡಿಯಿತು. ಪಂಖ ಮುರಿದು ಒಂದು ತುಂಡು ಸಾವಿತ್ರೆವ್ವನ ಕಾಲ ಹತ್ತಿರ ಬಂದು ಬಿತ್ತು. ಇವರು ತಲೆಕೆಳಗಾಗಿ ಬೆಲ್ಟಿನಲ್ಲಿ ಜೋತಾಡುತ್ತಿದ್ದರು. ಮೈಗೆ ಏನೂ ಆಗಿಲ್ಲ. ಇಳಿಸಿದ ಮೇಲೆ ಪಂಖದ ತುಂಡುಗಳನ್ನು ಆರಿಸಿ ಚೀಲಕ್ಕೆ ತುಂಬಿದರು. ಎಳ್ಳುಬೆಲ್ಲ ಹಂಚಲು ಒಯ್ದದ್ದು ಹಾಗೆಯೇ ವಾಪಸು ಬಂತು.

೧೬ ಜನವರಿ, ಸೋಮವಾರ

ಇವರೇ ಮಲಕಾರಿಗೆ ಫೋನು ಮಾಡಿ ಬಂದು ಒಯ್ಯಿ ಅಂದರು. ನಾನು ಅನ್ನ ಹೊತ್ತಿಸಿದೆ.

೧೭ ಜನವರಿ, ಮಂಗಳವಾರ

ಮಲಕಾರಿ ಬಂದಿದ್ದ. ವಾಪಸು ಕಳಿಸಿದೆ. ಕರಾರಿನಲ್ಲಿ ಫೆಬ್ರವರಿ ಕೊನೆ ಅಂತ ಇದೆ, ಮಾತು ಅಂದರೆ ಮಾತು. ಇವರಿಗೆ ಅಡುಗೆಮನೆಯ ಟೈಲ್ಸಿನ ಫೋಟೋ ತೋರಿಸಿದೆ, ಚೆನ್ನಾಗಿವೆ ಅಂದರು. ಆ ದನಿ ಕೇಳಿ ನನಗೇ ಟೈಲ್ಸಿನ ಮೇಲೆ ಸಿಟ್ಟು ಬಂತು. ಗಂಡಸಾದವನು ಒಂದು ಸಲ ಬಿದ್ದರೆ ಇಷ್ಟೇನೇ?

೧೯ ಜನವರಿ, ಗುರುವಾರ

ಸಿಕ್ಕಿತು.

ಶಾಲೆ ಬಿಟ್ಟ ಮೇಲೆ, ಇವರು ಮರೆತು ಬಂದಿದ್ದ ಡಬ್ಬಿ ತರಲು ವಖಾರಿಗೆ ಹೋದೆ. ರಾಯಬಾಗದ ಕಡೆಯ ರೈತನೊಬ್ಬ ಮುಂಗಡವಾಗಿ ನಾಲ್ಕಾರು ಚೀಲ ತಂಬಾಕು ತಂದಿದ್ದ. ಕಾಮಣ್ಣ ತೂಗುತ್ತಿದ್ದ. ಕೋಲು ನಿಂತಿತು. ಕಣ್ಣು ಮುಚ್ಚಿದ, ತುಟಿ ಅಲುಗಿಸಿದ, ರಾಗ ಎಳೆದು ಕೂಗಿದ. ರೈತ ಮುಖ ಗಂಟಿಕ್ಕಿ "ಕಡತಿ ಎಷ್ಟ ಹಿಡದಿ ಮುತ್ಯಾ?" ಅಂದ.

ನನ್ನ ಕೈಯಿಂದ ಡಬ್ಬಿ ಬಿತ್ತು. ತಂಬಾಕಿನ ವ್ಯಾಪಾರದಲ್ಲಿ ಇದ್ದ ತೂಕ ಹೇಳುವ ಪದ್ಧತಿಯೇ ಇಲ್ಲ. ಚೀಲದ್ದು, ತೇವದ್ದು, ಕಸದ್ದು ಅಂತ ಇಷ್ಟಿಷ್ಟು ಕಳೆದು ಉಳಿದದ್ದನ್ನು ಹೇಳುತ್ತಾರೆ. ಆ ಕಳೆದದ್ದೇ ಕಡತಿ. ಕಾಮಣ್ಣ ಕಣ್ಣು ಮುಚ್ಚಿದ್ದು ದೇವರಿಗಲ್ಲ, ಕಡತಿಯ ಲೆಕ್ಕಕ್ಕೆ.

"ಕಾಮಣ್ಣಾ, ನಮ್ಮ ಎಂಜಿನ್ನಿಗೂ ಕಡತಿ ಹಿಡದಿಯೇನ?"

"ಬಿಡಾಕ ಬರತೈತೇನವಾ? ಕೈ ತಾನ ಕಳಿತೈತಿ."

"ಎಂಜಿನ್ನಿಗೆ ಚೀಲ ಎಲ್ಲಿತ್ತು?"

"ಗ್ವಾಣಿತಟ್ಟಿನ ಮ್ಯಾಲ ಇಟ್ಟಿದ್ರೆಲ್ಲ."

"ತೇವ?"

"ಎಣ್ಣಿ ಸೋರತಿತ್ತು."

ಬ್ಯಾಟರಿಗೆ, ಪಂಖಕ್ಕೆ, ನೀರಿನ ಟಾಕಿಗೆ, ಒಂದೊಂದಕ್ಕೂ ಹಿಡಿದಿದ್ದಾನೆ. ಅಷ್ಟೂ ಭಾರ ಮೂತಿಯಲ್ಲಿದೆ, ಲೆಕ್ಕದಲ್ಲಿ ಇಲ್ಲ. ಮುಗ್ಗರಿಸದೆ ಇನ್ನೇನು ಮಾಡೀತು?

ನಗು ಬಂತು. ಅದರ ಬೆನ್ನಿಗೇ ಇನ್ನೊಂದು ನೆನಪಾಯಿತು. "ನಮ್ಮವ್ವ ಸೋಸಿದ್ದಕ್ಕೂ ಹಿಡೀತಿದ್ದಿ?" ಅಂದೆ.

ಕಾಮಣ್ಣ ಕಾಟಾದ ಕಡೆ ನೋಡಿದ. "ಎಲ್ಲಾರಿಗೂ ಹಿಡದೇನವಾ. ಯಾರೂ ಮೂತಿಮ್ಯಾಲೆ ಬಿದ್ದಿದ್ದ ನೋಡಿರಲಿಲ್ಲ. ಅದ್ಕ ತಪ್ಪ ಅನಸಲಿಲ್ಲ."

ಅವ್ವ ಬಿದ್ದಿದ್ದಳು. ಎಷ್ಟೋ ಸಂಜೆ ಬಂದವಳೇ ಬಾಗಿಲಲ್ಲಿ ಹಾಗೆಯೇ ಕುಸಿದು ಕೂಡುತ್ತಿದ್ದಳು. ಬಿದ್ದ ಡಬ್ಬಿಯ ಮುಚ್ಚಳ ಹುಡುಕುವ ನೆಪದಲ್ಲಿ ಬಗ್ಗಿ ಕಣ್ಣೊರೆಸಿಕೊಂಡೆ. ಆಮೇಲೆ ಡಬ್ಬಿ ಅಲ್ಲೇ ಬಿಟ್ಟು ಮನೆಗೆ ಓಡಿದೆ. ಓಣಿಯಲ್ಲಿ ಟೀಚರ್ ಓಡುವುದನ್ನು ಯಾರೂ ನೋಡಿರಲಿಲ್ಲ, ಎಲ್ಲರೂ ಬಾಗಿಲಿಗೆ ಬಂದರು. ಸುದ್ದಿ ಕೇಳಿ ಇವರು ನನ್ನನ್ನು ಎರಡೂ ಕೈಯಿಂದ ಎತ್ತಿ ಬುನಾದಿಯ ಸುತ್ತ ಒಂದು ಸುತ್ತು ತಿರುಗಿಸಿದರು. ಕೋಳಿಗಳು ಹಾರಿಹೋದವು.

೨೨ ಜನವರಿ, ಭಾನುವಾರ

ಎಲ್ಲ ಬಿಚ್ಚಿ ಮತ್ತೆ ತೂಗಿದೆವು. ಈ ಸಲ ಅಂಕಿ ಓದಿದವಳು ನಾನು. ಕಾಮಣ್ಣ ಎರಡೂ ಕೈ ಬಾಯಿಗೆ ಮುಚ್ಚಿಕೊಂಡು ಪಕ್ಕದಲ್ಲಿ ಕೂತಿದ್ದ. ಪ್ರತಿ ಸಲವೂ ಅವನ ತುಟಿ ಅಲುಗುವುದು ಕೈಯ ಹಿಂದೆ ಕಾಣುತ್ತಿತ್ತು. ಕೊನೆಯ ಸಾಮಾನು ಇಳಿಸಿದ ಮೇಲೆ ಎದ್ದು ಬಂದು, "ಇನ್ನ ಮ್ಯಾಲ ಹೆಣ್ಣಾಳಿನ ಕೂಲಿ ತೂಗೂಮುಂದ ಇದ್ದಷ್ಟ ಹೇಳತೇನವಾ," ಅಂದ. ಜಯಪಾಲರು ಕೇಳಿಸಿಕೊಂಡರು, ಬೇಡ ಅನ್ನಲಿಲ್ಲ. ಕದದ ಮೇಲಿನ ಹಳೆಯ ಅಂಕಿಗಳನ್ನು ನಾನು ಒದ್ದೆ ಬಟ್ಟೆಯಿಂದ ಒರೆಸಿದೆ.

ಬ್ಯಾಟರಿಯನ್ನು ಮೂತಿಯಿಂದ ತೆಗೆದು ಬಾಲಕ್ಕೆ ಕಟ್ಟಬೇಕು, ಆಗ ಸಮ ಆಗುತ್ತದೆ. ಆದರೆ ಒಟ್ಟು ಭಾರ ಹಾಗೆಯೇ ಇದೆ. ಎಂಜಿನ್ನಿಗೆ ಅಷ್ಟು ಎತ್ತುವ ತಾಕತ್ತಿಲ್ಲ. ಕಡಿಮೆ ಮಾಡಲು ಬರುವಂಥ ಭಾರ ಇಡೀ ವಿಮಾನದಲ್ಲಿ ಒಂದೇ. ನಾವೆಲ್ಲ ಇವರ ಹೊಟ್ಟೆಯ ಕಡೆ ನೋಡಿದೆವು.

೫ ಫೆಬ್ರವರಿ, ಭಾನುವಾರ

ಇವರು ರಾತ್ರಿ ಊಟ ಬಿಟ್ಟಿದ್ದಾರೆ. ಡಿಪೋಗೆ ಸೈಕಲ್ಲಿನಲ್ಲಿ ಹೋಗುತ್ತಾರೆ. ಹೊಸ ಪಂಖ ಕೆತ್ತುತ್ತ ಕೆತ್ತುತ್ತ ಶೇಂಗಾ ತಿನ್ನುತ್ತಾರೆ, ಅದು ಊಟದ ಲೆಕ್ಕಕ್ಕೆ ಬರುವುದಿಲ್ಲವಂತೆ. ಇವತ್ತು ಕಾಟಾದ ಮೇಲೆ ನಿಂತರು. ಒಂದು ಗ್ರಾಮೂ ಇಳಿದಿಲ್ಲ. "ಕಡತಿ ಹಿಡಿ ಕಾಮಣ್ಣ," ಅಂತ ಕೈಮುಗಿದರು.

೧೨ ಫೆಬ್ರವರಿ, ಭಾನುವಾರ

ಹಗುರಾದವರು ಬೇರೆ ಯಾರನ್ನಾದರೂ ಕೂಡಿಸಬೇಕು ಅಂತ ಆಯಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಸುರಜ ನಾನು ಅಂದ. ಅವನು ಮೋಟರ್‌ಸೈಕಲ್ಲನ್ನೇ ಎರಡು ಸಲ ಗಟಾರಕ್ಕೆ ಇಳಿಸಿದವನು, ಬೇಡ ಅಂದೆ. ಜಯಪಾಲರ ಅಳಿಯ ಹಗುರ, ಅವನ ತಲೆ ಇನ್ನೂ ಹಗುರ. ಮಲಕಾರಿ ಗಾಡಿ ಓಡಿಸುವವನೇ ನಿಜ, ಆದರೆ ಹಾರುವಾಗಲೂ ಬಾಯಲ್ಲಿ ಗುಟ್ಕಾ ಇರುತ್ತದೆ, ಉಗುಳಿದರೆ ಬಟ್ಟೆಯ ರೆಕ್ಕೆ ಹಾಳು. ಯಾರ ಹೆಸರು ಬಂದರೂ ಒಂದೊಂದು ಐಬು ಇದ್ದೇ ಇದೆ. ಇಷ್ಟು ದೊಡ್ಡ ಊರಲ್ಲಿ ಒಬ್ಬ ನೆಟ್ಟಗಿನ ಮನುಷ್ಯ ಇಲ್ಲವಲ್ಲ ಅಂತ ಬೇಜಾರಾಯಿತು.

"ಹಂಗಾರ ಯಾರ?" ಅಂದರು ಇವರು.

"ನನಗೇನ ಗೊತ್ತು? ಎಕ್ಸಿಲೇಟರ್ ಗೊತ್ತಿದ್ದವರಾಗಬೇಕು. ಬ್ರೇಕ್ ಗೊತ್ತಿದ್ದವರಾಗಬೇಕು. ಆ ಸೀಟಿನ್ಯಾಗ ಹಿಡಿಸುವಂಥವರಾಗಬೇಕು," ಅಂದೆ.

ಇವರು ತಲೆಯಿಂದ ಕಾಲಿನವರೆಗೆ ನನ್ನನ್ನೇ ನೋಡಿದರು. ಆಮೇಲೆ ನಗಲು ಶುರುಮಾಡಿದರು. ಯಾಕೆ ಅಂತ ಕೇಳಿದರೆ ಹೇಳಲಿಲ್ಲ.

೧೯ ಫೆಬ್ರವರಿ, ಭಾನುವಾರ

ಬೇರೆ ದಾರಿಯೇ ಇಲ್ಲ ಅಂತ ನಾನು ಒಪ್ಪಿಕೊಂಡೆ. ಬರೀ ನೆಲದ ಮೇಲೆ ಓಡಿಸಿ ತೋರಿಸುವುದು, ಗಾಲಿ ಒಂದು ಕ್ಷಣ ತಾನಾಗಿಯೇ ಹಗುರಾದರೆ ಸಾಕು. ಸೀಟಿನ ಮುಂದಿನ ಕೋಲು ಮಾತ್ರ ಎಳೆಯಬಾರದು ಅಂತ ಇವರು ಆಣೆ ಮಾಡಿಸಿದರು. ಎಳೆದರೆ ಮೂತಿ ಏಳುತ್ತದೆಯಂತೆ. ನನಗೇನು ಹುಚ್ಚೇ? ಸಾವಿತ್ರೆವ್ವ ತನ್ನ ಮಗಳ ಚೂಡಿದಾರ ಕೊಟ್ಟಳು. ಸೀರೆ ಸಿಕ್ಕಿಕೊಳ್ಳುತ್ತದೆ.

ಕಾಮಣ್ಣ ನನ್ನನ್ನೂ ತೂಗಿದ. "ಕಡತಿ ಹಿಡೀಲೇನವಾ?" ಅಂದ. ಬೇಕಿದ್ದರೆ ನನ್ನ ತೂಕಕ್ಕೆ ಹಿಡಿ ಅಂದೆ. ಅವನು ಹಿಡಿಯಲಿಲ್ಲ, ಊರಿಗೆಲ್ಲ ಕೇಳುವ ಹಾಗೆ ಇದ್ದಷ್ಟೂ ಕೂಗಿದ.

ಈ ವಾರವೆಲ್ಲ ಶಾಲೆಯಿಂದ ಬಂದು ವಖಾರಿಯಲ್ಲಿ ನನ್ನ ವಿಮಾನದಲ್ಲಿ ಕೂತು ಕಾಲು ಕೈ ಪಳಗಿಸಿಕೊಂಡೆ. ಅಲ್ಲಿ ಈಗ ಅಷ್ಟು ವಾಸನೆ ಬರುವುದಿಲ್ಲ. ಗಾಳಿ ಹೊಡೆದು ಪುಡಿಯೆಲ್ಲ ಹೋಗಿರಬೇಕು.

೨೬ ಫೆಬ್ರವರಿ, ಭಾನುವಾರ

ಅಕ್ಷರ ಸೊಟ್ಟಗಾಗಿದೆ. ಇರಲಿ, ಇದನ್ನು ತಪಾಸಣೆ ಮಾಡುವವರು ಯಾರೂ ಇಲ್ಲ.

ಗಾಯರಾಣದಲ್ಲಿ ಊರೇ ನೆರೆದಿತ್ತು. ಕರಾರಿನಂತೆ ಮಲಕಾರಿ ಟೆಂಪೋ ತಂದು ಮೂಲೆಯಲ್ಲಿ ನಿಲ್ಲಿಸಿದ್ದ, ಹಗ್ಗವನ್ನೂ ತಂದಿದ್ದ. ಸಾವಿತ್ರೆವ್ವ ನಿಂಬೆಹಣ್ಣು ಇಟ್ಟಳು. ಇವರು ನನ್ನ ಬೆಲ್ಟು ಬಿಗಿದರು, ಬಿಚ್ಚಿದರು, ಮತ್ತೆ ಬಿಗಿದರು. "ಬ್ಯಾಡ ಅನಸಿದ್ರ ಇಳದಬಿಡ ಸುಗಂಧಾ. ಸವತಿ ಹ್ವಾದ್ರ ಹೋಗಲಿ, ನೀ ಬೇಕ," ಅಂದರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಇಂಥ ಮಾತು ಮೊದಲ ಸಲ ಕೇಳಿದೆ. ಅದಕ್ಕೆ ಎಂಜಿನ್ ಚಾಲು ಆಗಬೇಕಾಯಿತು.

ಓಡಿತು. ಬಾಲ ಎದ್ದಿತು, ಎದ್ದು ಸಮಕ್ಕೆ ನಿಂತಿತು. ಗಾಲಿಯ ಗಡಗಡ ಹೆಚ್ಚುತ್ತ ಹೆಚ್ಚುತ್ತ ಹೋಗಿ ಕಡಿಮೆಯಾಗತೊಡಗಿತು. ಕೋಲು ಕೈಯಲ್ಲಿ ಮೆತ್ತಗೆ ಮಿಡಿಯುತ್ತಿತ್ತು. ಮುಂದೆ ಬಯಲಿನ ಅಂಚು, ಅದರಾಚೆ ಕಡಿದ ಕಬ್ಬಿನ ಹೊಲ. ಆಮೇಲೆ ಗಡಗಡ ನಿಂತೇಹೋಯಿತು.

ನಾನು ಕೆಳಗೆ ನೋಡಿದೆ. ನನ್ನ ನೆರಳು ನನ್ನನ್ನು ಬಿಟ್ಟು ಬೇರೆಯಾಗಿ ಓಡುತ್ತಿತ್ತು. ಜೋರಾಗಿ ನಕ್ಕೆ, ಎಂಜಿನ್ನಿನ ಸದ್ದಿನಲ್ಲಿ ನನ್ನ ನಗು ನನಗೇ ಕೇಳಿಸಲಿಲ್ಲ. "ಅವ್ವಾ" ಅಂತಲೂ ಒಮ್ಮೆ ಕೂಗಿದ ನೆನಪು. ಎಕ್ಸಿಲೇಟರಿನ ಹಿಡಿ ಹಿಂದಕ್ಕೆ ಸರಿಸಿದೆ, ದಾದರಿನ ಹತ್ತಿರ ನೋಡಿದ ವಿಮಾನಗಳ ಹಾಗೆ ಮೂತಿ ತುಸು ಎತ್ತಿ ಹಿಡಿದೆ. ಧಡ್ ಅಂತ ಕೂತಿತು. ಒಮ್ಮೆ ಪುಟಿದು ನಿಂತಿತು.

ಇವರು ಓಡಿ ಬಂದರು. ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಬಂದವರೇ ಗಾಲಿ ಹಿಡಿದು ಕೂತು ಅತ್ತರು. ಆಮೇಲೆ ತಲೆ ಎತ್ತಿ, "ಮ್ಯಾಲಿಂದ ಹೆಂಗ ಕಾಣತೈತಿ?" ಅಂದರು. ಆರು ವರ್ಷ ಕಟ್ಟಿದವರು ಅವರು, ಹಾರಿದವಳು ನಾನು. ಕೇಳುವಾಗ ಅವರ ಮುಖದಲ್ಲಿ ಹೊಟ್ಟೆಕಿಚ್ಚಿನ ಒಂದು ಗೆರೆಯೂ ಇರಲಿಲ್ಲ.

"ಎಲ್ಲಾ ಇದ್ದಂಗ ಐತ್ರಿ. ನೀವಷ್ಟ ಸಣ್ಣ ಕಂಡ್ರಿ," ಅಂದೆ.

"ಎಮ್ಮಿ ಬೆನ್ನಷ್ಟ ಎತ್ತರ ಹೋಗಿದ್ದಿ, ಸಣ್ಣ ಹೆಂಗ ಕಾಣತೇನಿ?"

ಹವಾಲ್ದಾರರೂ ಬಂದಿದ್ದರು. ಎಮ್ಮೆಯ ಬೆನ್ನಿನಷ್ಟಾದರೆ ಅದು ಇನ್ನೂ ಟ್ರ್ಯಾಕ್ಟರೇ, ಅದಕ್ಕಿಂತ ಮೇಲೆ ಹೋದರೆ ಕಾಗದ ಮಾಡಿಸಿ ಅಂದರು.

ಕೋಲು ಎಳೆದೆಯಾ ಅಂತ ಇವರು ದಾರಿಯುದ್ದಕ್ಕೂ ಕೇಳಿದರು. ಇಲ್ಲ, ಅದೇ ಎದ್ದಿತು ಅಂದೆ. ಇಲ್ಲಿ ಖರೇ ಬರೆಯುತ್ತೇನೆ: ಎಳೆದೆ. ಎರಡೂ ಕೈಯಿಂದ ಎಳೆದೆ.

ಬಯಲು ಖಾಲಿಯಾದ ಮೇಲೆ ಮಲಕಾರಿ ಹಗ್ಗ ಹಿಡಿದು ಬಂದ. "ಅಕ್ಕಾರ, ನಾಳೆ ವಖಾರಿಗೆ ತಂಬಾಕ ಬರತೈತಿ. ಇದನ್ನ ಎಲ್ಲಿಗೆ ಒಯ್ಯಲಿ? ನನಗ ಖಾಲಿ ಹೋಗಾಕ ಬರೂದಿಲ್ಲ." ಇವರು ತಲೆ ತಗ್ಗಿಸಿದರು. ಹಾರಿಸುವ ಚಿಂತೆಯಲ್ಲಿ, ಹಾರಿದ ಮೇಲೆ ಎಲ್ಲಿಡುವುದು ಅನ್ನುವ ಚಿಂತೆ ಇಬ್ಬರೂ ಮಾಡಿರಲಿಲ್ಲ.

"ಮನಿಗೆ ನಡಿ," ಅಂದೆ.

ಔಡಲ ಗಿಡ ನಾನೇ ಕಿತ್ತೆ. ಕೋಳಿಗಳನ್ನು ಸಾವಿತ್ರೆವ್ವ ಓಡಿಸಿದಳು. ಸವತಿಯನ್ನು ಮನೆ ತುಂಬಿಸಿಕೊಂಡದ್ದಾಯಿತು. ಈಗ ರೆಕ್ಕೆ ಬಿಚ್ಚಿಸಿಕೊಂಡು ಬುನಾದಿಯ ನಡುವೆ ನಿಂತಿದೆ, ಮೇಲೆ ತಾಡಪಾಲು, ಬಾಲ ಮಾತ್ರ ಎರಡು ಮೊಳ ಓಣಿಗೆ ಚಾಚಿದೆ. ನಾಳೆ ಗವಂಡಿಯನ್ನು ಕರೆಸಬೇಕು. ಹಿಂದಿನ ಗೋಡೆ ಎರಡು ಮೊಳ ಆಚೆ ಸರಿಸು, ಬಾಗಿಲು ಅಗಲ ಇಡು ಅಂತ ಹೇಳಬೇಕು. ನೀಲಿ ಅಂಚಿನ ಟೈಲ್ಸ್ ಹಾಗೆಯೇ ಇರಲಿ, ನೆಲಕ್ಕೆ ಹಾಕಿಸಿದರೆ ಎಣ್ಣೆ ಬಿದ್ದರೂ ಒರೆಸಲು ಸುಲಭ.